ಠಂಡಾ ಪ್ಲಗ್, ಗರಂ ಪ್ಲಗ್

ಎರಡರಲ್ಲಿ ಒಂದನ್ನು ಆರಿಸು ಎಂದು ಯಾರಾದರೂ ಮುಂದಿಟ್ಟರೆ ಈ ವಯಸ್ಸಿನಲ್ಲಿಯೂ ನನ್ನ ಕೈ ತಣ್ಣಗಾಗುತ್ತದೆ. ಸೀರೆ ಅಂಗಡಿಗೆ ಹೋದರೆ ಮೊದಲು ಬಿಚ್ಚಿ ತೋರಿಸಿದ ಸೀರೆಯನ್ನೇ ಕಟ್ಟಿಸಿಕೊಂಡು ಬರುತ್ತೇನೆ. ಮಕ್ಕಳು ನಗುತ್ತಾರೆ. ಆಳಂದದ ನಮ್ಮ ಮನೆಯ ಬಗ್ಗೆ, ಆ ಮನೆಯ ಕೊಟ್ಟಿಗೆಯಲ್ಲಿ ನಿಲ್ಲುತ್ತಿದ್ದ ಕಾರಿನ ಬಗ್ಗೆ ನಾನು ಅವರಿಗೆ ಎಂದೂ ಪೂರ್ತಿ ಹೇಳಿಲ್ಲ. ಕಲ್ಲು ಮಣ್ಣಿನ ದಪ್ಪ ಗೋಡೆಗಳ ಮಾಳಿಗೆ ಮನೆ ಅದು. ತಲೆಬಾಗಿಲು ದಾಟಿದರೆ ಅಂಗಳ, ಬಲಕ್ಕೆ ಪಡಸಾಲೆ, ಅದರ ಹಿಂದೆ ಹೊಗೆಗೆ ಕಪ್ಪಾದ ಅಡುಗೆಮನೆ, ಎಡಕ್ಕೆ ದನದ ಕೊಟ್ಟಿಗೆ. ಅಪ್ಪ ಎತ್ತುಗಳನ್ನು ಕೊಟ್ಟು ಯಾರೋ ಸಾಹುಕಾರರು ಓಡಿಸಿ ಬಿಟ್ಟಿದ್ದ ಕಾರನ್ನು ತಂದ ಮೇಲೆ ಕೊಟ್ಟಿಗೆಯಲ್ಲಿ ಉಳಿದದ್ದು ಒಂದು ಎಮ್ಮೆ ಮತ್ತು ಆ ಕಾರು. ದನಕ್ಕೆ ಮೇವು ಹಾಕುವ ಗೋದಲಿಯನ್ನು ಆತ ಒಡೆಸಿರಲಿಲ್ಲ. ಕಾರಿನ ಮೂತಿ ಗೋದಲಿಗೆ ತಾಗುವಂತೆ ನಿಲ್ಲಿಸುತ್ತಿದ್ದ. ಎಮ್ಮೆ ಮೇಯುತ್ತ ಮೇಯುತ್ತ ಕಾರಿನ ಕಡೆ ನೋಡುತ್ತಿತ್ತು.

ಬಾಡಿಗೆಗೆ ಓಡಿಸುವ ಕಾರು. ಮದುಮಕ್ಕಳನ್ನು ಕೂಡಿಸಿಕೊಂಡು ಅಫಜಲಪುರಕ್ಕೂ ಜೇವರ್ಗಿಗೂ ಹೋಗಿಬರುತ್ತಿತ್ತು. ಕೆಲವೊಮ್ಮೆ ಆಸ್ಪತ್ರೆಗೆ ಹೋಗುವವರು ಬರುತ್ತಿದ್ದರು. ಪ್ರತಿ ಅಮಾವಾಸ್ಯೆ ಅಪ್ಪ ಅದನ್ನು ತೊಳೆದು, ಬಾನೆಟ್ಟಿನ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದು, ಕಾಯಿ ಒಡೆಯುತ್ತಿದ್ದ. ದಿನವೂ ಮುಂಜಾನೆ ಆಯಿ, ಅಂದರೆ ಅಪ್ಪನ ತಾಯಿ, ಪಡಸಾಲೆಯ ಮೂಲೆಯಲ್ಲಿ ಕಂಬಳಿ ಹಾಸಿಕೊಂಡು ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕಣ್ಣುಮುಚ್ಚುತ್ತಿದ್ದ ಹೊತ್ತಿಗೆ ಸರಿಯಾಗಿ ಅಪ್ಪನ ಪೂಜೆಯೂ ಶುರುವಾಗುತ್ತಿತ್ತು. ಬಾನೆಟ್ ಎತ್ತಿ, ಉದ್ದನೆಯ ಪಾನಾ ಇಳಿಸಿ, ಎಂಜಿನ್ನಿನ ನಾಲ್ಕೂ ಪ್ಲಗ್ ಬಿಚ್ಚುತ್ತಿದ್ದ. ಪ್ಲಗ್ಗಿನ ಬಾಯಲ್ಲಿ ಕಿಡಿ ಹಾರಿದರೆ ಪೆಟ್ರೋಲ್ ಹೊತ್ತಿಕೊಂಡು ಗಾಡಿ ಓಡುತ್ತದೆ, ಕಿಡಿ ಹಾರದಿದ್ದರೆ ಇಲ್ಲ. ನಮ್ಮ ಕಾರಿನ ಎಂಜಿನ್ ಒಳಗೆ ಸವೆದಿತ್ತು. ಎಣ್ಣೆ ಮೇಲೇರಿ ಬಂದು ಪ್ಲಗ್ಗಿನ ಬಾಯಿಗೆ ಮೆತ್ತಿಕೊಳ್ಳುತ್ತಿತ್ತು. ಹಾಗಾಗಿ ಅಪ್ಪ ಆ ನಾಲ್ಕನ್ನೂ ಅಡುಗೆಮನೆಗೆ ತಂದು, ಅವ್ವನ ಒಲೆಯ ಕೆಂಡದ ಮೇಲೆ ಸಾಲಾಗಿ ಮಲಗಿಸಿ, ಎಣ್ಣೆ ಸುಟ್ಟುಹೋಗುವ ತನಕ ಕಾಯಿಸುತ್ತಿದ್ದ. ಆಮೇಲೆ ತಂತಿ ಬ್ರಷ್ಷಿನಿಂದ ಉಜ್ಜಿ, ಬ್ಲೇಡಿನ ತುಂಡು ತೂರಿಸಿ ಸಂದು ನೋಡಿ, ಒಂದೊಂದನ್ನೇ ಬಾಯಿಂದ ಊದಿ, ಮತ್ತೆ ಕೂರಿಸುತ್ತಿದ್ದ. ತೊಗರಿಕಟ್ಟಿಗೆಯ ಹೊಗೆ, ಜೋಳದ ರೊಟ್ಟಿಯ ವಾಸನೆ, ಸುಟ್ಟ ಎಣ್ಣೆಯ ಕಮಟು ಎಲ್ಲ ಕೂಡಿ ನನ್ನ ಬಾಲ್ಯದ ಮುಂಜಾವಿಗೆ ಒಂದು ವಾಸನೆ ಇತ್ತು. ಅವ್ವನಿಗೆ ಅದು ಆಗುತ್ತಿರಲಿಲ್ಲ.

“ರೊಟ್ಟಿ ಪೆಟ್ರೋಲ್ ನಾರಾಕತ್ತಾವ್ರಿ. ಮಗಳಿಗಿ ಇದನ್ನ ಉಣಸ್ಲ್ಯಾ ನಾನು?”

“ಈ ಪ್ಲಗ್ ಹೊತ್ತಿದ್ರನ ನಿನ್ನ ಒಲಿ ಹೊತ್ತತದ, ನೀಲಾ.”

“ಒಲಿ ಹೊತ್ತಸಾಕಿ ನಾನು. ನಿಮ್ಮ ಗಾಡಿ ಅಲ್ಲ.”

ಇಷ್ಟರಲ್ಲಿ ಆಯಿ ಪೂಜೆ ಮುಗಿಸಿ ಕೆಮ್ಮುತ್ತಿದ್ದಳು. ಜಗಳ ಅಲ್ಲಿಗೆ ನಿಲ್ಲುತ್ತಿತ್ತು. ಮರುದಿನ ಅದೇ ಒಲೆ, ಅದೇ ಪ್ಲಗ್ಗು, ಅದೇ ಮಾತು.

ಪ್ಲಗ್ಗುಗಳಲ್ಲಿ ಎರಡು ಜಾತಿ ಎಂದು ನನಗೆ ಗೊತ್ತಾದದ್ದು ಮೆಹಬೂಬ ಚಾಚಾನ ಅಂಗಡಿಯಲ್ಲಿ. ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಆತ ಮೋಟಾರು ಸಾಮಾನು ಮಾರುತ್ತಿದ್ದ. ಅಪ್ಪನ ಬಾಲ್ಯದ ಗೆಳೆಯ. ಅಪ್ಪ ಅಲ್ಲಿ ಕೂತರೆ ಏಳುತ್ತಿರಲಿಲ್ಲ. ನನ್ನನ್ನು ಕರೆದುಕೊಂಡು ಹೋದಾಗ ಚಾಚಾ ನನಗೆ ಬಿಸ್ಕೀಟು ಕೊಟ್ಟು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕೂರಿಸುತ್ತಿದ್ದ. ಒಂದು ಜಾತಿಯ ಪ್ಲಗ್ಗಿನ ಒಳಗಿನ ಪಿಂಗಾಣಿ ಮೂಗು ಉದ್ದ. ಅದು ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಎಣ್ಣೆ ಮೆತ್ತಿದರೂ ತಾನೇ ಸುಟ್ಟುಕೊಳ್ಳುತ್ತದೆ. ಅದು ಗರಂ ಪ್ಲಗ್. ಇನ್ನೊಂದರ ಮೂಗು ಗಿಡ್ಡ. ಅದು ಬಿಸಿಯನ್ನು ಬಿಟ್ಟುಕೊಟ್ಟು ತಂಪಾಗಿರುತ್ತದೆ. ಠಂಡಾ ಪ್ಲಗ್. ಗರಂ ಹಾಕಿದರೆ ನಡುದಾರಿಯಲ್ಲಿ ಗಾಡಿ ನಿಲ್ಲುವುದಿಲ್ಲ, ಆದರೆ ಬೇಸಿಗೆಯಲ್ಲಿ ಭಾರ ಹೊತ್ತು ಜೋರಾಗಿ ದೂರ ಓಡಿದರೆ ಒಳಗಿನ ಪಿಸ್ಟನ್ ಸುಟ್ಟು ತೂತು ಬೀಳಬಹುದು. ಠಂಡಾ ಹಾಕಿದರೆ ಎಂಜಿನ್ನಿಗೆ ಭಯವಿಲ್ಲ, ಆದರೆ ಎಣ್ಣೆ ಮೆತ್ತಿ ಕಿಡಿ ಸಾಯುತ್ತದೆ. ಅಪ್ಪ ಮತ್ತು ಚಾಚಾ ಇದನ್ನೇ ಮಾತಾಡುತ್ತಿದ್ದರು.

“ಶರಣಪ್ಪ, ನಿನ್ನ ಎಂಜಿನ್ ಎಣ್ಣಿ ಕುಡೀತದ. ಗರಂ ಹಾಕು. ಕಿರಿಕಿರಿ ಖತಂ.”

“ಪಿಸ್ಟನ್ ಸುಟ್ರ ನೀ ಕೊಡ್ತೀಯೇನ ಹೊಸಾದು?”

“ಹಂಗಾದ್ರ ಎಂಜಿನ್ ಬಿಚ್ಚಿ ರಿಂಗ್ ಹಾಕ್ಸು ಭಾಯ್. ಬ್ಯಾನಿ ಅಲ್ಲೇ ಅದ. ಪ್ಲಗ್ ಆರಿಸ್ಕೋತ ಕುಂತ್ರ ಏನಾಗ್ತದ?”

“ಲಗ್ನದ ದಿನಾ ಮುಗೀಲಿ. ಈಗ ಬಿಚ್ಚಿದ್ರ ಗಾಡಿ ತಿಂಗಳಗಟ್ಟಲೆ ಕೂಡ್ತದ.”

ಲಗ್ನದ ದಿನಗಳು ಮುಗಿಯುತ್ತಿದ್ದವು, ಮತ್ತೆ ಬರುತ್ತಿದ್ದವು. ಎಂಜಿನ್ ಬಿಚ್ಚುವ ದಿನ ಬರುತ್ತಿರಲಿಲ್ಲ. ಅಪ್ಪನಿಗೆ ಕಾರನ್ನು ಸುಮ್ಮನೆ ನಿಲ್ಲಿಸುವ ಧೈರ್ಯವಿರಲಿಲ್ಲ ಎಂದು ಈಗ ನನಗೆ ಅನ್ನಿಸುತ್ತದೆ. ಅದನ್ನು ಬಿಚ್ಚಿದರೆ ಒಳಗೆ ಏನು ಕಾಣುತ್ತದೋ ಎಂಬ ಭಯವೂ ಇತ್ತು.

ಆ ಬೇಸಿಗೆಯಲ್ಲಿ ಅವ್ವ ತುಂಬಿದ ಬಸುರಿ. ನಾನು ಹುಟ್ಟಿ ಬಹಳ ವರ್ಷಗಳ ಮೇಲೆ ನಿಂತ ಬಸಿರು. ಹೊಟ್ಟೆ ಒಲೆಯ ಕಟ್ಟೆಗೆ ತಾಗುತ್ತಿತ್ತು, ಒಂದು ರೊಟ್ಟಿ ಬಡಿದು ಒಂದು ಸಲ ಉಸಿರು ತೆಗೆದುಕೊಳ್ಳುತ್ತಿದ್ದಳು. ಒಂದು ಮುಂಜಾನೆ ಮದುವೆಯವರು ಬಾಗಿಲಿಗೆ ಬಂದು ಕೂತಿದ್ದರು. ಅಪ್ಪ ಅವಸರದಲ್ಲಿ ಪ್ಲಗ್ಗುಗಳನ್ನು ಕೆಂಡಕ್ಕೆ ಇಟ್ಟು ಹೊರಗೆ ಹೋದ. ಎಣ್ಣೆ ಸಿಡಿದು ಹಂಚಿನ ಮೇಲಿದ್ದ ರೊಟ್ಟಿಗೂ ಅವ್ವನ ಮುಂಗೈಗೂ ಬಿತ್ತು. ಆಕೆ ಕಿರುಚಲಿಲ್ಲ. ರೊಟ್ಟಿಗೆಂದು ಪಕ್ಕದಲ್ಲಿ ಇಟ್ಟುಕೊಂಡಿದ್ದ ನೀರಿನ ಚರಿಗೆಯನ್ನು ಎತ್ತಿ ಇಡಿಯಾಗಿ ಒಲೆಯೊಳಗೆ ಸುರಿದಳು. ಬುಸ್ಸೆಂದು ಬೂದಿ ಎದ್ದಿತು. ಅದರೊಳಗಿಂದ ಚಿಟ್ ಚಿಟ್ ಎಂದು ಪಿಂಗಾಣಿ ಸೀಳುವ ಸಪ್ಪಳ. ಅಪ್ಪ ಓಡಿ ಬಂದ. ಹೊಡೆಯುತ್ತಾನೆ ಎಂದು ನಾನು ಗೋಡೆಗೆ ಆತುಕೊಂಡೆ. ಆದರೆ ಆತ ಕೂತು, ಒದ್ದೆ ಬೂದಿಯಿಂದ ಒಂದೊಂದನ್ನೇ ಆರಿಸಿ ಧೋತರದ ಸೆರಗಿನಲ್ಲಿ ಇಟ್ಟುಕೊಂಡ. ಹೊರಗೆ ಹೋಗಿ ಮದುವೆಯವರಿಗೆ ಕೈಮುಗಿದು ಕಳಿಸಿದ. ಅಂದು ಯಾರೂ ಉಣ್ಣಲಿಲ್ಲ. ಮರುದಿನ ಅವ್ವನ ತಮ್ಮ ಸಿದ್ರಾಮ ಮಾವ ಬಂದ. ಹೆರಿಗೆಗೆ ತವರಿಗೆ ಹೋಗುವುದು ಇದ್ದೇ ಇತ್ತು, ಆದರೆ ಅವ್ವ ಅಂದೇ ಹೊರಟಳು. ಸರಸಂಬಾದ ಬಸ್ಸಿನ ಕಿಟಕಿಯಲ್ಲಿ ಕೂತವಳು ನನ್ನ ತಲೆ ಸವರಿದಳು, ಅಪ್ಪನ ಕಡೆ ನೋಡಲಿಲ್ಲ. ಅಪ್ಪನೂ ಕಿಟಕಿಯ ಹತ್ತಿರ ಹೋಗಲಿಲ್ಲ.

ಅವ್ವ ಹೋದ ಮೇಲೆ ಅಪ್ಪ ಹಳೆಯ ಡಬ್ಬಿಯಲ್ಲಿದ್ದ ಸವೆದ ಪ್ಲಗ್ಗುಗಳನ್ನು ಕೂರಿಸಿ ಒಂದೆರಡು ದಿನ ಓಡಿಸಿದ. ಕಾರು ಕುಂಟುತ್ತ ಬಂದು ಗೋದಲಿಯ ಮುಂದೆ ನಿಂತದ್ದು ಮತ್ತೆ ಏಳಲಿಲ್ಲ. ಹೊಸ ಪ್ಲಗ್ಗು ತರಲೇಬೇಕಿತ್ತು. ದಿನವೂ ಅಂಗಡಿಗೆ ಹೋಗುತ್ತಿದ್ದ. ಗರಂ ಒಂದನ್ನು ಎಡಗೈಯಲ್ಲಿ, ಠಂಡಾ ಒಂದನ್ನು ಬಲಗೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಿದ್ದ. ಚಹಾ ಕುಡಿಯುತ್ತಿದ್ದ. ಎರಡನ್ನೂ ಅಲ್ಲೇ ಇಟ್ಟು ಬರಿಗೈಯಲ್ಲಿ ಬರುತ್ತಿದ್ದ. ಆಯಿ ಕೇಳಿದರೆ, ಯಾವುದೆಂದು ಇನ್ನೂ ಠರಾಯಿಸಿಲ್ಲ ಎನ್ನುತ್ತಿದ್ದ. ಅವ್ವನನ್ನು ನೋಡಲು ಸರಸಂಬಾಕ್ಕೆ ಹೋಗುವುದನ್ನೂ ಆತ ಅದಕ್ಕೇ ಗಂಟು ಹಾಕಿದ್ದ. ಗಾಡಿ ಸರಿಯಾದ ಮೇಲೆ ಹೋಗ್ತೇನಿ, ಗಾಡಿ ತಗೊಂಡೇ ಹೋಗ್ತೇನಿ ಎನ್ನುತ್ತಿದ್ದ. ಆಯಿ ಮತ್ತು ನಾನು ನಿನ್ನೆಯ ರೊಟ್ಟಿಯನ್ನು ಶೇಂಗಾ ಹಿಂಡಿಯ ಜೊತೆ ಮುರಿದು ತಿನ್ನುತ್ತ, ಅವ್ವನಿಲ್ಲದ ಅಡುಗೆಮನೆಯಲ್ಲಿ ಸುಮ್ಮನೆ ಕೂರುತ್ತಿದ್ದೆವು.

ಒಂದು ದಿನ ಬಿಸಿಲು ನೆತ್ತಿಗೆ ಬರುವ ಮೊದಲು ಸಿದ್ರಾಮ ಮಾವ ಯಾವುದೋ ಲಾರಿಯಿಂದ ಜಿಗಿದು ಓಡುತ್ತ ಬಂದ. ಕಾಲಲ್ಲಿ ಚಪ್ಪಲಿ ಇರಲಿಲ್ಲ.

“ಭಾವಾ, ಅಕ್ಕಗ ನಿನ್ನಿಯಿಂದ ಬ್ಯಾನಿ ತಿನ್ನಾಕತ್ತದ. ಕೂಸು ಬರವಲ್ದು. ಸೂಲಗಿತ್ತಿ ನಂದೇನೂ ನಡ್ಯಾಂಗಿಲ್ಲ ಅಂತ ಕೈ ಚೆಲ್ಯಾಳ. ಗಾಡಿ ತಗೀರಿ.”

ಅಪ್ಪ ಕೊಟ್ಟಿಗೆಯ ಕಡೆ ನೋಡಿದ. ಸತ್ತ ಪ್ಲಗ್ಗಿನ ಕಾರು. ಊರಲ್ಲಿದ್ದ ಬೇರೆ ಬಾಡಿಗೆ ಗಾಡಿಗಳು ಮದುವೆಗಳಿಗೆ ಹೋಗಿದ್ದವು, ಸರಸಂಬಾದ ಬಸ್ಸು ಸಂಜೆಗೆ. ಆತ ಓಡಿದ. ನಾನೂ ಓಡಿದೆ. ಹಿಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆಯಿ. ಅಂಗಡಿಯಲ್ಲಿ ಚಾಚಾ ವಿಷಯ ಕೇಳಿದವನೇ ಎರಡೂ ಜಾತಿಯ ಡಬ್ಬಿಗಳನ್ನು ಹಲಗೆಯ ಮೇಲೆ ಇಟ್ಟ.

“ಸೋಚೋ ಮತ್ ಶರಣಪ್ಪ. ಗರಂ ಒಯ್ಯಿ. ದಾರ್ಯಾಗ ನಿಂದರಬಾರ್ದು ಈಗ.”

“ಕಲಬುರ್ಗಿತನಕ ಹೋಗೋ ಪಾಳಿ ಬಂದ್ರ? ಇಷ್ಟ ಬಿಸಲಾಗ, ಇಷ್ಟ ಮಂದಿ ಕುಂದ್ರಿಸ್ಕೊಂಡು? ಎಂಜಿನ್ ಉಳ್ಯಾಂಗಿಲ್ಲ ಮೆಹಬೂಬ.”

“ಯಾವ್ದರೆ ಒಂದ ತಗೋಳೋ! ಅಲ್ಲಿ ಹೆಣ್ಣಮಗಳು ಸಾಯಾಕತ್ತಾಳ, ಇಂವ ಬಳಿ ಆರಿಸಿದಾಂಗ ಆರಸ್ಕೋತ ನಿಂತಾನ!” ಎಂದು ಆಯಿ ಹಲಗೆಗೆ ಕೈ ಬಡಿದಳು.

 ಗರಂ ಡಬ್ಬಿಯ ಮೇಲೆ ಹೋದ ಅಪ್ಪನ ಕೈ ಹಿಂದೆ ಸರಿಯಿತು. ಆಮೇಲೆ ಠಂಡಾ ಡಬ್ಬಿಯನ್ನು ಎತ್ತಿಕೊಂಡು ಹೊರಗೆ ಓಡಿದ. ಚಾಚಾ ತಲೆ ಅಲ್ಲಾಡಿಸಿದ. ಗರಂ ನಾಲ್ಕನ್ನೂ ಹಾಳೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ.

“ಇಟ್ಕೋ ಬೇಟಿ. ಬೇಕಾಗ್ತಾವ.”

ಹೊಸ ಪ್ಲಗ್ಗಿನಿಂದ ಕಾರು ಒಂದೇ ಸಲಕ್ಕೆ ಹೊತ್ತಿಕೊಂಡಿತು. ಸರಸಂಬಾದ ದಾರಿಯಲ್ಲಿ ಅದು ಎಂದೂ ಓಡದ ಹಾಗೆ ಓಡಿತು. ಅಪ್ಪ ಒಂದು ಸಲ ಆಯಿಯ ಕಡೆ ತಿರುಗಿ, ನೋಡು ಹೆಂಗ ಹೊಂಟದ ಎಂದ. ಆ ಮುಖದ ಸಮಾಧಾನ ನನಗೆ ಇನ್ನೂ ಕಾಣುತ್ತದೆ. ಅದನ್ನು ಮರೆಯಲು ಸಾಧ್ಯವಾಗಿದ್ದರೆ ಚೆನ್ನಾಗಿತ್ತು. ಅಜ್ಜನ ಮನೆಯಲ್ಲಿ ಅವ್ವ ಕತ್ತಲೆ ಕೋಣೆಯ ಹೊರಸಿನ ಮೇಲೆ ಇದ್ದಳು. ತುಟಿ ಒಣಗಿ ಬೆಳ್ಳಗಾಗಿತ್ತು. ನಾಲ್ಕು ಜನ ಕೌದಿಯಲ್ಲಿ ಎತ್ತಿ ತಂದು ಹಿಂದಿನ ಸೀಟಿನಲ್ಲಿ ಮಲಗಿಸಿದರು. ತಲೆ ನನ್ನ ತೊಡೆಯ ಮೇಲೆ, ಕಾಲು ಆಯಿಯ ಮಡಿಲಲ್ಲಿ. ಸಿದ್ರಾಮ ಮಾವ ಮುಂದೆ ಕೂತ. ಆಳಂದಕ್ಕೆ ಬಂದು ನಮ್ಮ ಓಣಿಯ ನರ್ಸಬಾಯಿಯ ಮನೆಯ ಮುಂದೆ ನಿಲ್ಲಿಸಿದಾಗ ಆಕೆ ಕಾರಿನೊಳಗೇ ಬಗ್ಗಿ ಹೊಟ್ಟೆ ಮುಟ್ಟಿ ನೋಡಿದಳು.

“ಕೂಸು ಅಡ್ಡ ಅದ. ಕೊಯ್ದೇ ತಗೀಬೇಕು. ಕಲಬುರ್ಗಿಗೆ ಒಯ್ರಿ, ಎಲ್ಲೂ ನಿಲ್ಲಸಬ್ಯಾಡ್ರಿ.”

ಊರು ದಾಟಿ ಸ್ವಲ್ಪ ದೂರ ಹೋಗುವುದರಲ್ಲಿ ಎಂಜಿನ್ ತಡವರಿಸತೊಡಗಿತು. ಮೊದಲು ಒಂದು ಬಿಕ್ಕು, ಆಮೇಲೆ ಮತ್ತೊಂದು, ಆಮೇಲೆ ಇಡೀ ಕಾರು ಕೆಮ್ಮುತ್ತ ರಸ್ತೆಯ ಮಗ್ಗುಲಿಗೆ ನಿಂತಿತು. ಅಪ್ಪ ಜಿಗಿದು ಬಾನೆಟ್ ಎತ್ತಿದ. ಪ್ಲಗ್ಗು ಬಿಚ್ಚಿ ಪೆಟ್ರೋಲಿನ ಬಟ್ಟೆಯಿಂದ ಒರೆಸಿ ಮತ್ತೆ ಹಾಕಿದ. ಕಾರು ಓಡಿತು, ಮತ್ತೆ ನಿಂತಿತು. ಎರಡೂ ಕಡೆ ಉತ್ತು ಬಿಟ್ಟ ಕರಿ ಹೊಲ. ಮರ ಇಲ್ಲ, ಮನುಷ್ಯರಿಲ್ಲ. ನನ್ನ ತೊಡೆಯ ಮೇಲೆ ಅವ್ವನ ತಲೆ ಕಾದ ಕಲ್ಲಿನಂತೆ ಬಿಸಿಯಾಗಿತ್ತು. ಆಕೆ ಹಲ್ಲು ಕಚ್ಚಿ ಗೊಂಯ್ ಎನ್ನುತ್ತಿದ್ದಳು. ಸೀಟು ಒದ್ದೆಯಾಗುತ್ತಿತ್ತು. ಅದು ಏನೆಂದು ನೋಡಲು ಆಯಿ ನನಗೆ ಬಿಡಲಿಲ್ಲ, ತನ್ನ ಸೆರಗನ್ನು ಮುಂದೆ ಹಿಡಿದಳು. ನಾನು ಕಿಟಕಿಯಿಂದ ಕೂಗಿದೆ.

“ಅಪ್ಪಾ, ಚಾಚಾ ಕೊಟ್ಟಿದ್ದು ಹಾಕು! ನನ್ನ ಹಂತ್ಯಾಕ ಅದಾವ!”

“ಬಾಯಿ ಮುಚ್ಚು!”

ಮತ್ತೆ ಒರೆಸಿದ, ಮತ್ತೆ ಹಾಕಿದ. ಮತ್ತೆ ಸ್ವಲ್ಪ ದೂರ. ಮತ್ತೆ ನಿಂತಾಗ ಅವ್ವನ ಗೊಂಯ್ ಎನ್ನುವ ದನಿಯೂ ನಿಂತುಹೋಗಿತ್ತು. ಆಯಿ ಬಾಗಿಲು ತೆಗೆದು ಇಳಿದಳು. ಆಕೆಯ ಸೀರೆಯ ಮುಂಭಾಗ ಕೆಂಪಾಗಿತ್ತು. ನಡೆದು ಹೋಗಿ ಅಪ್ಪನ ರಟ್ಟೆ ಹಿಡಿದು ತನ್ನ ಕಡೆ ತಿರುಗಿಸಿದಳು.

“ನೋಡು. ಇದನ್ನ ನೋಡು. ನಿನ್ನ ಗಾಡಿಗಿ ಏನೂ ಆಗಬಾರ್ದಂತ ನನ್ನ ಸೊಸಿನ್ನ ಕೊಲ್ತೀಯೇನೋ?”

ಅಪ್ಪ ನನ್ನ ಕಡೆ ಕೈ ಚಾಚಿದ. ಹಾಳೆಯ ಗಂಟನ್ನು ಕೊಟ್ಟೆ. ಎಂಜಿನ್ ಕೆಂಡವಾಗಿತ್ತು. ಟವೆಲ್ ಸುತ್ತಿಕೊಂಡರೂ ಪ್ಲಗ್ಗು ಬಿಚ್ಚುವಾಗ ಆತನ ಬೆರಳ ಚರ್ಮ ಅಂಟಿ ಸುಟ್ಟ ವಾಸನೆ ಬಂತು. ಆತ ಕೈ ತೆಗೆಯಲಿಲ್ಲ. ನಾಲ್ಕೂ ಗರಂ ಪ್ಲಗ್ ಕೂರಿಸಿ, ಬಾನೆಟ್ ಬಡಿದು, ಕೂತು, ಕಾಲನ್ನು ಕೆಳಗೆ ಒತ್ತಿದ.

ಆಮೇಲೆ ಕಾರು ನಿಲ್ಲಲಿಲ್ಲ. ಬಿಕ್ಕಲೂ ಇಲ್ಲ. ಗಾಳಿ ಕಿವಿಗೆ ಬಡಿಯುತ್ತಿತ್ತು. ನಾನು ಅವ್ವನ ಮೂಗಿನ ಕೆಳಗೆ ಬೆರಳಿಟ್ಟುಕೊಂಡು ಉಸಿರು ಬರುತ್ತದೋ ಇಲ್ಲವೋ ಎಂದು ನೋಡುತ್ತ ಕೂತೆ. ದೂರದಲ್ಲಿ ಕಲಬುರ್ಗಿಯ ಗುಮ್ಮಟಗಳು ಕಾಣುವ ಹೊತ್ತಿಗೆ ಎಂಜಿನ್ನಿನೊಳಗಿಂದ ಟಿಣ್ ಟಿಣ್ ಎಂಬ ಸಣ್ಣ ಸಪ್ಪಳ ಶುರುವಾಯಿತು, ಖಾಲಿ ಡಬ್ಬಿಯಲ್ಲಿ ಹರಳು ಅಲ್ಲಾಡಿಸಿದ ಹಾಗೆ. ಒಳಗೆ ಪಿಸ್ಟನ್ ಸುಡುತ್ತಿದೆ ಎಂದು ಅಪ್ಪನಿಗೆ ಗೊತ್ತಿತ್ತು. ಕಾಲನ್ನು ಸಡಿಲಿಸಿದ್ದರೆ ಅದು ನಿಲ್ಲುತ್ತಿತ್ತೇನೋ. ಕನ್ನಡಿಯಲ್ಲಿ ಆತನ ಕಣ್ಣುಗಳು ಕಂಡವು. ಅಳುತ್ತಿದ್ದ. ಕಾಲು ಸಡಿಲಿಸಲಿಲ್ಲ. ಊರೊಳಗೆ ಹೊಕ್ಕ ಮೇಲೆ ಢಬ್ಬೆಂದು ಒಂದು ಏಟು, ಹಿಂದೆಯೇ ನೀಲಿ ಹೊಗೆ. ಕಾರು ಅಲುಗಾಡುತ್ತ, ಕುಂಟುತ್ತ, ಟಾಂಗಾಗಳ ನಡುವೆ ತೆವಳುತ್ತ ಆಸ್ಪತ್ರೆಯ ಮೆಟ್ಟಿಲ ತನಕ ಹೋಗಿ ಸತ್ತಿತು.

ಅವ್ವ ಉಳಿದಳು. ಕೂಸು ಉಳಿಯಲಿಲ್ಲ. ಗಂಡುಕೂಸು. ಹೊರಗೆ ತೆಗೆಯುವಾಗಲೇ ಉಸಿರಿರಲಿಲ್ಲವಂತೆ. ಡಾಕ್ಟರಮ್ಮ ಹೊರಗೆ ಬಂದು, ಇನ್ನು ಮೇಲೆ ಈಕೆಗೆ ಮಕ್ಕಳಾಗುವುದಿಲ್ಲ ಎಂದು ಮೆಲ್ಲಗೆ ಆಯಿಗೆ ಹೇಳಿದಳು. ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಅಪ್ಪನ ಕೈಗೆ ಕೊಟ್ಟರು. ಆತನ ಸುಟ್ಟ ಬೆರಳುಗಳಿಗೆ ಹಚ್ಚಿದ್ದ ನೀಲಿ ಔಷಧಿ ಆ ಬಟ್ಟೆಗೆ ಹತ್ತಿತು. ಅದನ್ನು ಒರೆಸಲು ನೋಡಿದ, ಇನ್ನಷ್ಟು ಹತ್ತಿತು. ಯಾರಾದರೂ ಎತ್ತಿಕೊಳ್ಳಲಿ ಎಂಬಂತೆ ನನ್ನ ಕಡೆ, ಆಯಿಯ ಕಡೆ, ಗೋಡೆಯ ಕಡೆ ನೋಡಿದ. ಆಯಿ ಎತ್ತಿಕೊಂಡಳು. ನಾನು ಒಂದು ಸಲ ಬಟ್ಟೆ ಸರಿಸಿ ಮುಖ ನೋಡಿದೆ. ಹುಬ್ಬು ಅವ್ವನ ಹಾಗೆಯೇ ಇತ್ತು. ನಮ್ಮ ಹೊಲದ ಬದುವಿನಲ್ಲಿ ಅದನ್ನು ಮಣ್ಣು ಮಾಡಿದರು. ಅವ್ವನಿಗೆ ಅದರ ಮುಖ ನೋಡುವುದಾಗಲಿಲ್ಲ. ಪ್ರಜ್ಞೆ ಬಂದಾಗ ಆಕೆ ಮೊದಲು ಕೇಳಿದ್ದು, ಅಳಾಕತ್ತದೇನು ಎಂದು.

ಕಾರನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದು ಕೊಟ್ಟಿಗೆಗೆ ನೂಕಿದರು. ಅವ್ವನನ್ನು ಬಸ್ಸಿನಲ್ಲಿ ಕರೆತಂದೆವು. ಎದೆಯಲ್ಲಿ ಹಾಲು ಕಟ್ಟಿ ಆಕೆಗೆ ಜ್ವರ ಬಂತು. ಆಯಿ ಹಳೆಯ ಧೋತರ ಹರಿದು ಎದೆಗೆ ಬಿಗಿಯಾಗಿ ಕಟ್ಟುತ್ತಿದ್ದಳು. ಆ ಬಟ್ಟೆಗಳನ್ನು ಒಗೆದು ಹಾಕುವುದು ನನ್ನ ಕೆಲಸ. ಹಾಲು ಹೀರಿ ಒಣಗಿದ ಬಟ್ಟೆ ತಗಡಿನಂತೆ ಸೆಟೆದು ನಿಲ್ಲುತ್ತಿತ್ತು. ಮನೆಯಲ್ಲಿ ಮಾತು ಸತ್ತುಹೋಯಿತು. ಅವ್ವ ಎದ್ದು ಓಡಾಡುವಂತಾದ ಮೇಲೂ ಅಪ್ಪನ ಜೊತೆ ಒಂದು ಮಾತೂ ಆಡಲಿಲ್ಲ. ಊಟಕ್ಕೆ ಕರೆಯಬೇಕಾದರೆ ನನಗೆ ಹೇಳುತ್ತಿದ್ದಳು, ಕರಿ ಹೋಗು ಎಂದು. ಅಪ್ಪ ಬಂದು ತಲೆ ತಗ್ಗಿಸಿ ಉಂಡು ಏಳುತ್ತಿದ್ದ. ಬೆಳಿಗ್ಗೆ ಬಾನೆಟ್ ಎತ್ತುವವರಿಲ್ಲ. ಆಯಿ ಪೂಜೆ ಮುಗಿಸಿ ಕೆಮ್ಮಿದರೆ ನಿಲ್ಲಿಸಬೇಕಾದ ಜಗಳವೂ ಇರಲಿಲ್ಲ. ಆ ಜಗಳವಾದರೂ ಮತ್ತೆ ಬರಲಿ ಎಂದು ನಾನು ಹಾಸಿಗೆಯಲ್ಲಿ ಮುಖ ಮುಚ್ಚಿಕೊಂಡು ಬೇಡಿಕೊಳ್ಳುತ್ತಿದ್ದೆ. ಉಳಲು ಎತ್ತುಗಳಿಲ್ಲದ ಅಪ್ಪ ಬೇರೆಯವರ ಹೊಲಕ್ಕೆ ಕೂಲಿಗೆ ಹೋಗತೊಡಗಿದ. ಮೆಹಬೂಬ ಚಾಚಾ ಒಮ್ಮೆ ಬಾಗಿಲ ತನಕ ಬಂದು, ಹೊಸ್ತಿಲಲ್ಲಿಯೇ ನಿಂತು, ತಿರುಗಿ ಹೋದ.

ಒಂದು ಮಧ್ಯಾಹ್ನ ಅಪ್ಪ ಉಣ್ಣುತ್ತ ಕೈ ನಿಲ್ಲಿಸಿದ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆಯಿ ಬಾಗಿಲ ಹತ್ತಿರ ಪುಂಡಿಸೊಪ್ಪು ಸೋಸುತ್ತಿದ್ದಳು.

“ನೀಲಾ, ನಿನಗೊಂದ ಹೇಳಬೇಕು. ಗರಂ ಪ್ಲಗ್ ಮಗಳ ಕೈಯಾಗ ಇದ್ವು. ಮದಲ ಸಲ ಗಾಡಿ ನಿಂತಾಗ ನಾ ಹಾಕಬಹುದಿತ್ತು. ಹಾಕ್ಲಿಲ್ಲ. ಗಾಡಿ ಕೆಡ್ತದಂತ ಹಾಕ್ಲಿಲ್ಲ.”

ರೊಟ್ಟಿಯ ಸಪ್ಪಳ ನಿಂತಿತು. ಅವ್ವ ಹಿಟ್ಟಿನ ಕೈಯನ್ನು ನೋಡುತ್ತ ಕೂತಳು.

“ಗೊತ್ತದ,” ಎಂದಳು. “ನಾ ಸತ್ತಿರ್ಲಿಲ್ಲ. ಒಳಗ ಮಕ್ಕೊಂಡ ಎಲ್ಲಾ ಕೇಳಾಕತ್ತಿದ್ದೆ.”

ಅಪ್ಪ ತಾಟಿನ ಮೇಲೆ ಬಗ್ಗಿದ. ಅವ್ವ ಮತ್ತೆ ಮಾತಾಡಿದಳು. ಅಪ್ಪನಿಗೆ ಅಲ್ಲ, ಹಿಟ್ಟಿಗೆ ಹೇಳುವಂತೆ.

“ಹಳೇ ಪ್ಲಗ್ ಒಡದಾಕಿ ನಾನು. ನೀರ ಹಾಕಿದಾಕಿ ನಾನು. ದಿನಾ ಅದನ್ನ ಲೆಕ್ಕಾ ಹಾಕ್ತೇನಿ. ನಾ ಒಡೀಲಿಲ್ಲಂದ್ರ ಆರಿಸೋ ಪಾಳೀನ ಬರ್ತಿರ್ಲಿಲ್ಲ.”

ಆಕೆ ಮಾತು ಬಿಟ್ಟಿದ್ದು ಸಿಟ್ಟಿನಿಂದ ಎಂದು ನಾವೆಲ್ಲ ತಿಳಿದಿದ್ದೆವು.  ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿದಳು.  ಇಬ್ಬರೂ ಒಂದೇ ಮಾತನ್ನು ಎರಡು ಕಡೆಯಿಂದ ಹೊತ್ತುಕೊಂಡು ಆ ಮನೆಯಲ್ಲಿ ಓಡಾಡಿದರು. ಒಬ್ಬರಿಗೊಬ್ಬರು ಅದನ್ನು ಇಳಿಸಿಕೊಡಲು ಅವ್ವನಿಗೂ ಬರಲಿಲ್ಲ, ಅಪ್ಪನಿಗೂ ಬರಲಿಲ್ಲ. ದೊಡ್ಡವರಿಗೆ ಸಾಂತ್ವನ ಹೇಳುವುದು ಗೊತ್ತಿರುತ್ತದೆ ಎಂಬ ನನ್ನ ನಂಬಿಕೆ ಹೋದದ್ದು ಆ ದಿನಗಳಲ್ಲಿ.

ಮೊದಲ ಮಳೆ ಬಿದ್ದು ಅಂಗಳ ಕೆಸರಾಗಿದ್ದ ಒಂದು ಮುಂಜಾನೆ ಮಟಕಿ ಎಂಬ ಹಳ್ಳಿಯಿಂದ ಒಬ್ಬ ಹುಡುಗಪ್ರಾಯದ ಗಂಡಸು ಬಾಗಿಲು ಬಡಿದ. ಮೊಣಕಾಲಿನ ತನಕ ಕೆಸರು. ಹೆಂಡತಿಯನ್ನು ಎತ್ತಿನ ಬಂಡಿಯಲ್ಲಿ ಮಲಗಿಸಿಕೊಂಡು ನಮ್ಮ ಊರ ಮುಂದಿನ ರಸ್ತೆಯ ತನಕ ತಂದಿದ್ದ.

“ಶರಣಪ್ಪನೋರ ಗಾಡಿ ಅದಂತಲ್ರಿ. ನನ್ನ ಹೆಂಡತಿಗಿ ಬ್ಯಾನಿ ಭಾಳ ಆಗ್ಯಾವ್ರಿ. ಕಲಬುರ್ಗಿಗೆ ಒಯ್ರಿ, ನಿಮ್ಮ ಕಾಲ ಬೀಳ್ತೇನಿ.”

ಅಪ್ಪ ಬಾಗಿಲಲ್ಲಿ ನಿಂತ. ಗಾಡಿ ಇಲ್ಲ ಎನ್ನಲೂ ಆತನಿಗೆ ಆಗಲಿಲ್ಲ. ಕೊಟ್ಟಿಗೆಯಲ್ಲಿ ಧೂಳು ಹಿಡಿದು ನಿಂತ ಕಾರು ಆ ಗಂಡಸಿಗೆ ಕಾಣುತ್ತಿತ್ತು. ಆತ ಅದರ ಕಡೆ ಕೈ ತೋರಿಸಿ, ಅದೇ ಅದಲ್ರಿ, ಅದೇ ಅದಲ್ರಿ ಎನ್ನುತ್ತಿದ್ದ. ಆಗ ಅವ್ವ ಅಡುಗೆಮನೆಯಿಂದ ಬಂದಳು. ಕೈ ಹಿಟ್ಟು. ಅಪ್ಪನನ್ನು ಮಗ್ಗುಲಿಗೆ ಸರಿಸಿ ಹೊಸ್ತಿಲು ದಾಟಿದಳು.

“ಅದು ಓಡಾಂಗಿಲ್ಲ ತಮ್ಮಾ. ನಡಿ, ಬ್ಯಾರೆ ನೋಡ್ತೇನಿ. ಮಗಳ, ಒಳಗಿನ ಕೌದಿ ತಾ.”

ಅವ್ವ ಬೀದಿಯಲ್ಲಿ ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹೊಟ್ಟೆಯ ಗಾಯ ಇನ್ನೂ ಹಸಿಯಾಗಿಯೇ ಇತ್ತು, ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದುಕೊಂಡಿದ್ದಳು. ದಾಲ್ ಮಿಲ್ಲಿನ ಮುಂದೆ ಮಿಲ್ಲಿನ ಯಜಮಾನರ ಜೀಪು ಹೊರಟು ನಿಂತಿತ್ತು. ಅವ್ವ ಹೋಗಿ ಅದರ ಮುಂದೆ ನಿಂತಳು. ಡ್ರೈವರ್ ಹಾರ್ನ್ ಬಾರಿಸಿದ, ಬೈದ. ಯಜಮಾನರು ಒಳಗಿಂದ ತಲೆ ಹೊರಗೆ ಹಾಕಿದರು.

“ಯಾಕವ್ವಾ, ಆಚಿ ಸರಿ. ಕೆಲಸಕ್ಕ ಹೊಂಟೀನಿ.”

“ಸರ್ಯಾಂಗಿಲ್ರಿ. ನನ್ನ ಮ್ಯಾಲ ಹಾಯ್ಸಿ ಹೋಗ್ರಿ, ಇಲ್ಲಂದ್ರ ಅಲ್ಲಿ ಬಂಡ್ಯಾಗ ಬ್ಯಾನಿ ತಿನ್ನಾಕತ್ತ ಹೆಣ್ಣಮಗಳ್ನ ಕುಂದ್ರಿಸ್ಕೊಂಡ ಕಲಬುರ್ಗಿಗೆ ಹೋಗ್ರಿ. ಎರಡ್ರಾಗ ಒಂದು.”

ಮಂದಿ ಕೂಡಿದರು. ಯಜಮಾನರು ಅವ್ವನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಕೆ ಯಾರೆಂದು ಅವರಿಗೆ ನೆನಪಾಗಿರಬೇಕು, ಆಳಂದದಲ್ಲಿ ನಮ್ಮ ಕಥೆ ಎಲ್ಲರಿಗೂ ಗೊತ್ತಿತ್ತು. ಅವರು ಕೆಳಗಿಳಿದು ಜೀಪಿನ ಹಿಂದಿನ ಬಾಗಿಲನ್ನು ತಾವೇ ತೆಗೆದರು. ಮಟಕಿಯ ಆ ಹೆಣ್ಣುಮಗಳನ್ನು ಬಂಡಿಯಿಂದ ಎತ್ತಿ ಮಲಗಿಸಿದ ಮೇಲೆ ಅವ್ವನೂ ಹತ್ತಿ, ಆಕೆಯ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಓಡಿ ಬಂದಿದ್ದ ಅಪ್ಪ ಏದುಸಿರು ಬಿಡುತ್ತ ಜೀಪಿನ ಪಕ್ಕ ನಿಂತಿದ್ದ. ಅವ್ವ ಆತನ ಕಡೆ ನೋಡಿದಳು. ಜೀಪು ಹೋಯಿತು.

ಆ ದಿನ ಅಪ್ಪ ಕೂಲಿಗೆ ಹೋಗಲಿಲ್ಲ. ಪಡಸಾಲೆಯ ಮೆಟ್ಟಿಲ ಮೇಲೆ ಕೂತವನು ಸಂಜೆಯ ತನಕ ಅಲ್ಲಿಯೇ ಇದ್ದ. ಆಯಿ ಎರಡು ಸಲ ಊಟಕ್ಕೆ ಕರೆದಳು. ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಹೋಗಿ ಬಂದೆ. ರಾತ್ರಿಯಾದರೂ ಅವ್ವ ಬರಲಿಲ್ಲ. ಮರುದಿನ ಮಧ್ಯಾಹ್ನದ ಬಸ್ಸಿನಿಂದ ಅವ್ವ ಇಳಿದಳು. ಸೀರೆ ಮುದ್ದೆಯಾಗಿತ್ತು, ಕೂದಲು ಕೆದರಿತ್ತು. ಅಂಗಳಕ್ಕೆ ಬಂದು, ಅಂದೂ ಅಪ್ಪ ಕೂತಿದ್ದ ಮೆಟ್ಟಿಲ ಮೇಲೆಯೇ, ಆತನಿಂದ ಒಂದು ಮೊಳ ದೂರದಲ್ಲಿ ಕೂತಳು. ನಾನು ನೀರು ತಂದುಕೊಟ್ಟೆ. ಕುಡಿದು ಚರಿಗೆಯನ್ನು ಕೆಳಗಿಟ್ಟಳು.

“ಹೆಣ್ಣು,” ಎಂದಳು. “ಇಬ್ಬರೂ ಚೊಲೊ ಅದಾರ್ರಿ.”

ಅಪ್ಪ ತಲೆ ಎತ್ತಿದ.

“ಭಾಳ ಜೋರ ಅಳ್ತದ್ರಿ ಆ ಕೂಸು. ಹೊರಗಿನ ಗೇಟಿನತನಕ ಕೇಳಸ್ತಿತ್ತು,” ಎಂದಳು ಅವ್ವ.  ಮೊಣಕಾಲಿಗೆ ಹಣೆ ಹಚ್ಚಿ ಅತ್ತಳು. ಅಷ್ಟು ದಿನಗಳಲ್ಲಿ ಆಕೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಆಯಿ ಏಳಲು ಹೋದವಳು ಹಾಗೆಯೇ ಕೂತಳು. ಅಪ್ಪ ಆ ಒಂದು ಮೊಳವನ್ನು ಸರಿದು ಹತ್ತಿರ ಬಂದ. ಸುಟ್ಟ ಕಲೆಗಳಿದ್ದ ಕೈಯನ್ನು ಆಕೆಯ ಬೆನ್ನಿನ ಮೇಲೆ ಇಡಬೇಕೋ ಬೇಡವೋ ಎಂದು ತಿಳಿಯದೆ ಗಾಳಿಯಲ್ಲಿಯೇ ಹಿಡಿದುಕೊಂಡಿದ್ದ. ಕೊನೆಗೆ ಇಟ್ಟ. ಆತನೂ ಅಳುತ್ತಿದ್ದ.

ಬಹಳ ಹೊತ್ತಿನ ಮೇಲೆ ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಕೊಟ್ಟಿಗೆಯ ಕಡೆ ನೋಡಿದಳು.

“ಇವತ್ತೇ ಎಂಜಿನ್ ಬಿಚ್ಚಸ್ರಿ. ಎಷ್ಟ ದಿನಾ ಆಗ್ತದೋ ಆಗ್ಲಿ.”

“ಬಿಚ್ಚಸ್ತೇನಿ,” ಎಂದ ಅಪ್ಪ. ಎದ್ದು, ಮೆಹಬೂಬ ಚಾಚಾನನ್ನು ಕರೆಯಲು ಹೋದ.